ಆಟಗಾರರ ಮೂಳೆ ನಮ್ಮ ಮೂಳೆಗಿಂತ ಬೇಗ ಕೂಡುತ್ತದೆಯೇ? ಫ್ರಾಕ್ಚರ್ ಕುರಿತ ನಂಬಿಕೆಗಳು ಮತ್ತು ನಿಜ

2025ರ ಜುಲೈ 23ರಂದು ಮ್ಯಾಂಚೆಸ್ಟರ್ ಟೆಸ್ಟ್‌ನಲ್ಲಿ ಕ್ರಿಸ್ ವೋಕ್ಸ್ ಎಸೆದ ಚೆಂಡನ್ನು ರಿವರ್ಸ್ ಸ್ವೀಪ್ ಮಾಡಲು ಹೋಗಿ ರಿಷಭ್ ಪಂತ್ ಬಲಪಾದಕ್ಕೆ ಪೆಟ್ಟು ಮಾಡಿಕೊಂಡರು. ಪಾದ ಊದಿಕೊಂಡಿತು. ನಡೆಯಲಾಗದ ಅವರನ್ನು ಗಾಡಿಯಲ್ಲಿ ಕೂರಿಸಿ ಮೈದಾನದಿಂದ ಹೊರಗೆ ಕರೆದೊಯ್ದರು. ಮೂಳೆ ಮುರಿದಿದೆ ಎಂಬ ಸುದ್ದಿಯೂ ಬಂತು. ಮರುದಿನ ನೋಡಿದರೆ ಅದೇ ಪಂತ್ ಕುಂಟುತ್ತ ಮೆಟ್ಟಿಲಿಳಿದು ಬಂದು ಬ್ಯಾಟ್ ಹಿಡಿದರು, ಅರ್ಧಶತಕ ಮುಗಿಸಿಯೇ ಹೋದರು.

ಇಂಥ ವಿಡಿಯೋ ಫೋನಿಂದ ಫೋನಿಗೆ ದಾಟುವಾಗ ಜೊತೆಗೆ ಒಂದಿಷ್ಟು ಮಾತೂ ಸೇರಿಕೊಳ್ಳುತ್ತದೆ. ಆಟಗಾರರ ಮೂಳೆಯೇ ಬೇರೆಯಂತೆ. ಮನಸ್ಸು ಗಟ್ಟಿಯಾಗಿದ್ದರೆ ಫ್ರಾಕ್ಚರ್ ಏನೂ ಅಲ್ಲವಂತೆ. ಈ ಕಷಾಯ ಕುಡಿದರೆ ಹದಿನೈದೇ ದಿನದಲ್ಲಿ ಮೂಳೆ ಕೂಡುತ್ತದಂತೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕುಳಿತವರು ಇದನ್ನು ಓದಿದಾಗ ‘ನನ್ನದೇಕೆ ಇನ್ನೂ ವಾಸಿಯಾಗಿಲ್ಲ?’ ಎಂದು ಚಡಪಡಿಸುವುದು ಸಹಜ. ಕೆಲವರು ವೈದ್ಯರು ಹೇಳುವ ಮೊದಲೇ ಪ್ಲಾಸ್ಟರ್ ಬಿಚ್ಚಿ ಕೆಲಸಕ್ಕೆ ಹೋಗಿಬಿಡುವುದೂ ಉಂಟು. ಅದರ ಬೆಲೆ ಕೆಲವೊಮ್ಮೆ ಇನ್ನೊಂದು ಆಪರೇಷನ್, ಕೆಲವೊಮ್ಮೆ ಜೀವನಪರ್ಯಂತದ ಕುಂಟು.

ಹಾಗಾಗಿ ನಿಜ ಏನೆಂದು ನೋಡೋಣ. ಚುಟುಕಾಗಿ ಹೇಳುವುದಾದರೆ, ಮೂಳೆ ಕೂಡುವ ವೇಗದಲ್ಲಿ ಆಟಗಾರರಿಗೆ ಯಾವ ವಿಶೇಷ ವರವೂ ಇಲ್ಲ. ಆರೋಗ್ಯವಂತ ಯುವಕನ ಮೂಳೆಗೆ ಎಷ್ಟು ವಾರ ಬೇಕೋ ಅವರ ಮೂಳೆಗೂ ಅಷ್ಟೇ ವಾರ ಬೇಕು. ಅವರಿಗೆ ಸಿಗುವುದು ಬೇಗನೆ ಪತ್ತೆ, ಸರಿಯಾದ ಚಿಕಿತ್ಸೆ, ದಿನವೂ ಜೊತೆಗಿರುವ ಫಿಸಿಯೋಥೆರಪಿಸ್ಟ್ ಮತ್ತು ವಿಶ್ರಾಂತಿಗೆ ಬೇಕಾದ ಸಮಯ. ಇವಿಷ್ಟೂ ಇದ್ದು ಆತುರಪಟ್ಟವರ ಗತಿ ಏನಾಯಿತು ಎನ್ನುವುದಕ್ಕೂ ಕ್ರೀಡಾಲೋಕದಲ್ಲಿ ಸಾಕ್ಷಿಗಳಿವೆ.

ಮುರಿದ ಮೂಳೆಯಲ್ಲೇ ಆಡಿದವರು

ಪಂತ್ ಮೊದಲಿಗರೇನಲ್ಲ. ಕನ್ನಡಿಗರಿಗೆ ತಕ್ಷಣ ನೆನಪಾಗುವುದು 2002ರ ಮೇ ತಿಂಗಳ ಆಂಟಿಗುವಾ ಟೆಸ್ಟ್. ಮರ್ವಿನ್ ಡಿಲನ್ ಎಸೆದ ಬೌನ್ಸರ್ ಬಡಿದು ಅನಿಲ್ ಕುಂಬ್ಳೆ ಅವರ ದವಡೆ ಮುರಿದಿತ್ತು. ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದ ಅವರು ಸತತ 14 ಓವರ್ ಬೌಲ್ ಮಾಡಿ ಬ್ರಯಾನ್ ಲಾರಾ ಅವರ ವಿಕೆಟ್ ಪಡೆದರು. ಆ ಚಿತ್ರವನ್ನು ನೋಡದ ಕ್ರಿಕೆಟ್ ಪ್ರೇಮಿ ಇಲ್ಲ. ಆಮೇಲೆ ಏನಾಯಿತು ಎನ್ನುವುದು ಮಾತ್ರ ಹಲವರಿಗೆ ಮರೆತುಹೋಗಿದೆ. ಕುಂಬ್ಳೆ ಆ ಪ್ರವಾಸದಲ್ಲಿ ಮತ್ತೆ ಆಡಲಿಲ್ಲ. ದವಡೆಯ ಆಪರೇಷನ್‌ಗಾಗಿ ಬೆಂಗಳೂರಿಗೆ ಮರಳಿದರು.

2022ರ ಆಗಸ್ಟ್‌ನಲ್ಲಿ ಪಿ.ವಿ. ಸಿಂಧು ನೋವಿನಲ್ಲೇ ಆಡಿ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ ಗೆದ್ದರು. ಎಡಗಾಲಿನಲ್ಲಿ ಸ್ಟ್ರೆಸ್ ಫ್ರಾಕ್ಚರ್ ಆಗಿರುವುದು ತಿಳಿದು ಅದೇ ತಿಂಗಳ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹಿಂದೆ ಸರಿದರು. ಮತ್ತೆ ಅಂಕಣಕ್ಕೆ ಬಂದದ್ದು 2023ರ ಜನವರಿಯಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ನೀರಜ್ ಚೋಪ್ರಾ ಎಡಗೈಯ ಮೂಳೆ ಮುರಿದಿದ್ದರೂ ಬ್ರಸೆಲ್ಸ್‌ನ ಡೈಮಂಡ್ ಲೀಗ್ ಫೈನಲ್‌ನಲ್ಲಿ 87.86 ಮೀಟರ್ ಜಾವೆಲಿನ್ ಎಸೆದು ಎರಡನೆಯವರಾದರು. ಅವರು ಎಸೆಯುವುದು ಬಲಗೈಯಲ್ಲಿ ಎನ್ನುವುದನ್ನೂ ನೆನಪಿಡಿ.

ಇದು ಸಾಧ್ಯವಾಗುವುದು ಹೇಗೆ? ಪೆಟ್ಟು ಬಿದ್ದಾಗ ದೇಹ ಅಡ್ರಿನಲಿನ್ ಮೊದಲಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಅವು ಸ್ವಲ್ಪ ಹೊತ್ತು ನೋವಿನ ಅರಿವನ್ನು ತಗ್ಗಿಸುತ್ತವೆ. ಜೊತೆಗೆ ತಂಡದ ವೈದ್ಯರು ನೋವು ನಿವಾರಕ ಕೊಟ್ಟಿರುತ್ತಾರೆ, ಬಿಗಿಯಾದ ಟೇಪ್ ಸುತ್ತಿರುತ್ತಾರೆ, ಎಷ್ಟು ಅಪಾಯ ಎಂದು ಲೆಕ್ಕ ಹಾಕಿರುತ್ತಾರೆ. ಮುರಿದ ಮೂಳೆ ಮುರಿದೇ ಇರುತ್ತದೆ, ಸದ್ಯಕ್ಕೆ ನೋವು ತೋರುವುದಿಲ್ಲ ಅಷ್ಟೇ. ಫಿಸಿಯೋ ಓಡಿ ಬಂದು ಸಿಂಪಡಿಸುವ ‘ಮ್ಯಾಜಿಕ್ ಸ್ಪ್ರೇ’ ಕೂಡ ಚರ್ಮವನ್ನು ತಣ್ಣಗಾಗಿಸಿ ಕೆಲ ನಿಮಿಷ ಮರಗಟ್ಟಿಸುತ್ತದೆ. ಮೂಳೆಗೂ ಅದಕ್ಕೂ ಸಂಬಂಧವಿಲ್ಲ.

ಇದರಲ್ಲಿ ನಮಗೊಂದು ಪಾಠವಿದೆ. ‘ಬೆರಳು ಅಲ್ಲಾಡುತ್ತಿದೆ, ಕಾಲೂರಿ ನಡೆಯಲಾಗುತ್ತಿದೆ, ಹಾಗಾದರೆ ಮೂಳೆ ಮುರಿದಿಲ್ಲ’ ಎಂದು ಮನೆಯ ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಮುರಿದ ಪಾದದಲ್ಲಿ ಅರ್ಧಶತಕ ಹೊಡೆಯಲು ಸಾಧ್ಯವಾದರೆ, ಮುರಿದ ಪಾದದಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆಯುವುದೂ ಸಾಧ್ಯವೇ. ಅಲ್ಲಾಡಿಸಲು ಆಗುತ್ತದೆ ಎನ್ನುವುದು ಮೂಳೆ ಸರಿಯಿದೆ ಎನ್ನಲು ಪುರಾವೆಯಾಗದು.

ಮೂಳೆ ಕೂಡುವುದು ಹೇಗೆ?

ಮೂಳೆಯನ್ನು ನಾವು ಒಣಗಿದ ಕಟ್ಟಿಗೆಯಂತೆ ಭಾವಿಸುತ್ತೇವೆ. ನಿಜದಲ್ಲಿ ಅದಕ್ಕೆ ಜೀವವಿದೆ. ಅದರೊಳಗೆ ರಕ್ತನಾಳಗಳಿವೆ, ಹಳೆಯದನ್ನು ಕೆಡವುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಹಗಲಿರುಳು ಕೆಲಸ ಮಾಡುತ್ತಿರುತ್ತವೆ. ಮೂಳೆ ಮುರಿದಾಗ ದುರಸ್ತಿ ನಾಲ್ಕು ಹಂತಗಳಲ್ಲಿ ನಡೆಯುತ್ತದೆ.

ಮೊದಲ ಕೆಲವು ದಿನ ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಊತ, ನೋವು, ಬಿಸಿ ಎಲ್ಲ ಇರುತ್ತದೆ. ಈ ಊತ ದುರಸ್ತಿಯ ಮೊದಲ ಹೆಜ್ಜೆ. ಎರಡು ಮೂರು ವಾರ ಕಳೆಯುವ ಹೊತ್ತಿಗೆ ಆ ಜಾಗದಲ್ಲಿ ಮೆದುವಾದ ಗಂಟು ಬೆಳೆಯುತ್ತದೆ. ಇದನ್ನು ವೈದ್ಯರು ಕ್ಯಾಲಸ್ ಎನ್ನುತ್ತಾರೆ. ಎರಡು ತುಂಡುಗಳ ನಡುವೆ ಕಟ್ಟಿದ ತಾತ್ಕಾಲಿಕ ಸೇತುವೆ ಇದ್ದಂತೆ. ನೋವು ಕಡಿಮೆಯಾಗುವುದು ಸಾಮಾನ್ಯವಾಗಿ ಈ ಹಂತದಲ್ಲೇ. ಹಲವರು ‘ವಾಸಿಯಾಯಿತು’ ಎಂದು ಮೋಸಹೋಗುವುದೂ ಇಲ್ಲೇ. ಮೆದು ಸೇತುವೆಯ ಮೇಲೆ ಲಾರಿ ಓಡಿಸಿದರೆ ಏನಾಗುತ್ತದೋ ಈ ಹಂತದಲ್ಲಿ ಭಾರ ಹೊತ್ತರೆ ಅದೇ ಆಗುತ್ತದೆ.

ಮೂರನೆಯ ಹಂತದಲ್ಲಿ ಆ ಗಂಟಿಗೆ ಕ್ಯಾಲ್ಸಿಯಂ ಮತ್ತು ಇತರ ಖನಿಜಗಳು ಸೇರಿ ಅದು ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರದ ಹೊತ್ತಿಗೆ ಎಕ್ಸ್‌ರೇಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕೊನೆಯದು ಅಚ್ಚುಕಟ್ಟು ಮಾಡುವ ಹಂತ. ಹೆಚ್ಚುವರಿ ಗಂಟು ಕರಗಿ ಮೂಳೆ ಹಳೆಯ ಆಕಾರಕ್ಕೆ ಬರುತ್ತದೆ. ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ನೀವು ಓಡಾಡುತ್ತಿರುವಾಗಲೂ ಒಳಗೆ ಕೆಲಸ ಸಾಗುತ್ತಲೇ ಇರುತ್ತದೆ.

ಯಾವ ಮೂಳೆ ಎನ್ನುವುದರ ಮೇಲೂ ಸಮಯ ನಿಂತಿದೆ. ಕೈಬೆರಳಿಗೆ ಮೂರರಿಂದ ಆರು ವಾರ ಸಾಕಾದರೆ, ಮಣಿಕಟ್ಟಿಗೆ ಆರರಿಂದ ಎಂಟು ವಾರ ಬೇಕಾಗಬಹುದು. ಮಂಡಿಯ ಕೆಳಗಿನ ದೊಡ್ಡ ಮೂಳೆಯಾದ ಟಿಬಿಯಾಗೆ ನಾಲ್ಕರಿಂದ ಆರು ತಿಂಗಳು ಹಿಡಿಯುವುದು ಅಪರೂಪವಲ್ಲ. ರಕ್ತದ ಹರಿವು ಕಡಿಮೆ ಇರುವ ಕಡೆ ಕೆಲಸ ನಿಧಾನ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನೊಳಗೆ ಇರುವ ಸ್ಕಾಫಾಯ್ಡ್ ಎಂಬ ಗೋಡಂಬಿಯಷ್ಟು ದೊಡ್ಡ ಮೂಳೆ ಇದಕ್ಕೆ ಕುಖ್ಯಾತ. ಮಕ್ಕಳ ಮೂಳೆ ಬೇಗ ಕೂಡುತ್ತದೆ. ವಯಸ್ಸಾದವರಲ್ಲಿ, ಧೂಮಪಾನಿಗಳಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ತಡವಾಗುತ್ತದೆ.

ಹಾಗಾದರೆ ಅವರು ಬೇಗ ಮರಳುವುದು ಹೇಗೆ?

ಮೊದಲು ‘ಬೇಗ’ ಎನ್ನುವುದನ್ನೇ ಪರೀಕ್ಷಿಸೋಣ. ಅರ್ಧಶತಕ ಹೊಡೆದ ಪಂತ್ ಮುಂದಿನ ಟೆಸ್ಟ್ ಆಡಲಿಲ್ಲ. ಅವರು ಮತ್ತೆ ಮೈದಾನಕ್ಕಿಳಿದದ್ದು ಅಕ್ಟೋಬರ್ ಕೊನೆಯಲ್ಲಿ, ಬೆಂಗಳೂರಿನಲ್ಲಿ ದಕ್ಷಿಣ ಆಫ್ರಿಕಾ ‘ಎ’ ತಂಡದ ವಿರುದ್ಧದ ಪಂದ್ಯಕ್ಕೆ. ಅಂದರೆ 14 ವಾರಗಳ ನಂತರ. ಪಾದದ ಮೂಳೆ ಮುರಿದ ಸಾಮಾನ್ಯ ವ್ಯಕ್ತಿ ಅದಕ್ಕಿಂತ ಮೊದಲೇ ಮಾಮೂಲಾಗಿ ನಡೆದಾಡುತ್ತಿರುತ್ತಾನೆ. ಕುಂಟುತ್ತ ಬಂದ ವಿಡಿಯೋ ಲಕ್ಷಾಂತರ ಜನರಿಗೆ ತಲುಪಿತು. 14 ವಾರಗಳ ಕಾಯುವಿಕೆಯ ವಿಡಿಯೋ ಯಾರಿಗೂ ಬರಲಿಲ್ಲ.

ಎರಡನೆಯದಾಗಿ, ಮರಳುವ ದಿನ ಆ ಮೂಳೆಗೆ ಯಾವ ಕೆಲಸ ಕಾದಿದೆ ಎನ್ನುವುದನ್ನೂ ಅವಲಂಬಿಸಿದೆ. ಫಾರ್ಮುಲಾ ಒನ್ ಚಾಲಕ ಮೈಕೆಲ್ ಶುಮಾಕರ್ 1999ರ ಜುಲೈ 11ರಂದು ಬ್ರಿಟನ್ನಿನ ಸಿಲ್ವರ್‌ಸ್ಟೋನ್‌ನಲ್ಲಿ ಕಾಲು ಮುರಿದುಕೊಂಡು, ಅಕ್ಟೋಬರ್ 17ರಂದು ಮಲೇಷ್ಯಾದ ರೇಸ್‌ಗೆ ಮರಳಿದರು. 98 ದಿನ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಪಾಲ್ ಜಾರ್ಜ್ ಅವರ ಕಾಲು ಮಂಡಿಯ ಕೆಳಗೆ ಮುರಿದದ್ದು 2014ರ ಆಗಸ್ಟ್ 1ರಂದು. ಅವರು ಮರಳಿದ್ದು 2015ರ ಏಪ್ರಿಲ್ 5ಕ್ಕೆ, ಎಂಟು ತಿಂಗಳ ಮೇಲೆ. ಒಬ್ಬರದು ಕುಳಿತು ಮಾಡುವ ಕೆಲಸ, ಇನ್ನೊಬ್ಬರದು ಎಗರಿ ನೆಲಕ್ಕೆ ಬೀಳುವ ಕೆಲಸ. ಎರಡು ಮುರಿತಗಳೂ ಒಂದೇ ತೆರನಾಗಿರಲಿಲ್ಲ ಎನ್ನುವುದು ನಿಜವೇ. ಆದರೂ ಲೆಕ್ಕ ನಮಗೂ ಅನ್ವಯಿಸುತ್ತದೆ. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರು ಕಾಲು ಮುರಿದು ಎರಡು ತಿಂಗಳಿಗೆ ಕಚೇರಿಗೆ ಬಂದರು ಎಂದ ಮಾತ್ರಕ್ಕೆ ಅಡಿಕೆ ಮರ ಹತ್ತುವವರೂ ಎರಡು ತಿಂಗಳಿಗೆ ಮರ ಹತ್ತಬಹುದು ಎಂದಲ್ಲ. ಪಕ್ಕದ ಮನೆಯವರ ಫ್ರಾಕ್ಚರ್ ಜೊತೆ ನಿಮ್ಮದನ್ನು ಹೋಲಿಸುವ ಮೊದಲು ಇದನ್ನು ಯೋಚಿಸಿ.

ಮೂರನೆಯದು ವ್ಯವಸ್ಥೆ. ಆಟಗಾರನಿಗೆ ಪೆಟ್ಟು ಬಿದ್ದ ದಿನವೇ ಸ್ಕ್ಯಾನ್ ಆಗುತ್ತದೆ. ಆಪರೇಷನ್ ಬೇಕಿದ್ದರೆ ತಡವಿಲ್ಲದೆ ನಡೆಯುತ್ತದೆ. ಪ್ಲಾಸ್ಟರ್‌ನಲ್ಲಿರುವ ಕಾಲನ್ನು ಬಿಟ್ಟು ಉಳಿದ ಇಡೀ ದೇಹಕ್ಕೆ ಮೊದಲ ವಾರದಿಂದಲೇ ವ್ಯಾಯಾಮ ಶುರುವಾಗುತ್ತದೆ. ಭಾರತೀಯ ಕ್ರಿಕೆಟಿಗರ ಪುನಶ್ಚೇತನ ನಡೆಯುವುದು ಬೆಂಗಳೂರಿನಲ್ಲಿರುವ ಕ್ರಿಕೆಟ್ ಮಂಡಳಿಯ ಸೆಂಟರ್ ಆಫ್ ಎಕ್ಸಲೆನ್ಸ್‌ನಲ್ಲಿ. ಈಜುಕೊಳದಲ್ಲಿ ನಡಿಗೆ, ಆಮೇಲೆ ನೆಲದ ಮೇಲೆ ನಡಿಗೆ, ನಿಧಾನ ಓಟ, ಜೋರು ಓಟ, ಅಭ್ಯಾಸ, ಸಣ್ಣ ಪಂದ್ಯ, ಆಮೇಲೆ ದೊಡ್ಡ ಪಂದ್ಯ. ಒಂದು ಮೆಟ್ಟಿಲು ದಾಟಿದ ಮೇಲೆ ನೋವು ಬಂದರೆ ಮತ್ತೆ ಕೆಳಗಿನ ಮೆಟ್ಟಿಲಿಗೆ. ಅಷ್ಟೂ ದಿನ ಗುತ್ತಿಗೆಯ ಹಣ ಬರುತ್ತಿರುತ್ತದೆ. ಆಟಗಾರನ ಆ ಹೊತ್ತಿನ ಕೆಲಸವೇ ವಾಸಿಯಾಗುವುದು.

ದಿನಗೂಲಿಯವರಿಗೆ, ಆಟೋ ಚಾಲಕರಿಗೆ, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಈ ಅನುಕೂಲ ಎಲ್ಲಿದೆ? ವ್ಯತ್ಯಾಸ ಇರುವುದು ಇಲ್ಲಿ. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಮೂಳೆ ಮುರಿದಾಗ ‘ನೋಡು, ಅವರು ಹೇಗೆ ಆಡಿದರು’ ಎಂದು ಹುರಿದುಂಬಿಸುವ ಬದಲು, ಅವರ ಆರು ವಾರದ ಕೆಲಸವನ್ನು ಹಂಚಿಕೊಂಡರೆ ಮೂಳೆಗೆ ಹೆಚ್ಚು ಉಪಕಾರವಾಗುತ್ತದೆ. ಸಂಘಟಿತ ವಲಯದಲ್ಲಿದ್ದು ಇಎಸ್‌ಐ ಸೌಲಭ್ಯ ಇರುವವರು ಕಾಯಿಲೆ ರಜೆಯ ಭತ್ಯೆಯನ್ನು ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.

ಆತುರದ ಬೆಲೆ: ಮಾರ್ಕ್ ಮಾರ್ಕೆಸ್

ಮೋಟೋಜಿಪಿ ಬೈಕ್ ರೇಸ್‌ನ ವಿಶ್ವ ಚಾಂಪಿಯನ್, ಸ್ಪೇನಿನ ಮಾರ್ಕ್ ಮಾರ್ಕೆಸ್ 2020ರ ಜುಲೈ 19ರಂದು ಜೆರೆಜ್‌ನಲ್ಲಿ ಬಿದ್ದು ಬಲತೋಳಿನ ಮೂಳೆ ಮುರಿದುಕೊಂಡರು. ಎರಡು ದಿನದಲ್ಲಿ ಪ್ಲೇಟ್ ಹಾಕಿ ಆಪರೇಷನ್ ಆಯಿತು. ಅದೇ ವಾರಾಂತ್ಯಕ್ಕೆ ಅವರು ಮತ್ತೆ ಬೈಕ್ ಏರಿದರು! ಜಗತ್ತು ಬೆರಗಾಯಿತು. ತೋಳಿನಲ್ಲಿ ಬಲವಿಲ್ಲದೆ ರೇಸ್‌ಗೆ ಮೊದಲೇ ಹಿಂದೆ ಸರಿಯಬೇಕಾಯಿತು. ಕೆಲವೇ ದಿನಗಳಲ್ಲಿ ಒಳಗಿನ ಪ್ಲೇಟ್ ಮುರಿಯಿತು. ಆಗಸ್ಟ್ ಆರಂಭದಲ್ಲಿ ಎರಡನೆಯ ಆಪರೇಷನ್. ಮೂಳೆ ಕೂಡಲೇ ಇಲ್ಲ. ಡಿಸೆಂಬರ್‌ನಲ್ಲಿ ಮೂರನೆಯ ಆಪರೇಷನ್ ಮಾಡಿ, ಸೊಂಟದ ಮೂಳೆಯ ಚೂರನ್ನು ತೆಗೆದು ತೋಳಿಗೆ ಹಾಕಿದರು. ಆ ಜಾಗದಲ್ಲಿ ಸೋಂಕೂ ಕಂಡುಬಂತು. ಅವರು ರೇಸ್‌ಗೆ ಮರಳಿದ್ದು 2021ರ ಏಪ್ರಿಲ್‌ನಲ್ಲಿ. ತಿರುಚಿಕೊಂಡು ಕೂಡಿದ್ದ ಮೂಳೆಯನ್ನು ಸರಿಪಡಿಸಲು 2022ರಲ್ಲಿ ನಾಲ್ಕನೆಯ ಆಪರೇಷನ್ ಆಯಿತು. ಮತ್ತೆ ವಿಶ್ವ ಚಾಂಪಿಯನ್ ಆದದ್ದು 2025ರ ಸೆಪ್ಟೆಂಬರ್‌ನಲ್ಲಿ.

ದುಡ್ಡಿಗೆ ಕೊರತೆಯಿಲ್ಲ, ವೈದ್ಯರಿಗೆ ಕೊರತೆಯಿಲ್ಲ, ಛಲಕ್ಕಂತೂ ಕೊರತೆಯೇ ಇಲ್ಲ. ಆದರೂ ಮೂಳೆ ಕಾಯಲಿಲ್ಲ ಎಂದು ಮುನಿಸಿಕೊಂಡಿತು. ‘ರಾಡ್ ಹಾಕಿದ್ದಾರೆ, ಇನ್ನು ಭಾರ ಎತ್ತಬಹುದು’ ಎನ್ನುವವರು ಈ ಕಥೆಯನ್ನು ತಿಳಿದಿರಬೇಕು. ರಾಡ್, ಪ್ಲೇಟ್, ಸ್ಕ್ರೂಗಳು ಮೂಳೆಯನ್ನು ಕೂಡಿಸುವುದಿಲ್ಲ. ಮೂಳೆ ತಾನೇ ಕೂಡುವವರೆಗೆ ತುಂಡುಗಳನ್ನು ಜರುಗದಂತೆ ಹಿಡಿದಿಡುತ್ತವೆ. ಗಿಡಕ್ಕೆ ಕೊಟ್ಟ ಊರುಗೋಲಿನ ಹಾಗೆ. ಮೂಳೆ ಕೂಡುವ ಮೊದಲೇ ಮತ್ತೆ ಮತ್ತೆ ಭಾರ ಬಿದ್ದರೆ ಲೋಹವೂ ದಣಿದು ಮುರಿಯುತ್ತದೆ.

ಹಾಗೆಂದು ವೈದ್ಯರು ‘ಇವತ್ತಿನಿಂದ ಸ್ವಲ್ಪ ಭಾರ ಹಾಕಿ’ ಎಂದಾಗ ಹೆದರಿ ಮಲಗುವುದೂ ತಪ್ಪೇ. ಮೂಳೆ ತನ್ನ ಮೇಲೆ ಬೀಳುವ ಕೆಲಸಕ್ಕೆ ತಕ್ಕಂತೆ ಬಲಗೊಳ್ಳುತ್ತದೆ. ಟೆನಿಸ್ ಆಟಗಾರರಲ್ಲಿ ರಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪಗಿರುತ್ತದೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರುವ ಗಗನಯಾತ್ರಿಗಳ ಮೂಳೆ ಸವೆಯುತ್ತದೆ. ಅಳತೆ ಮೀರಿದ ಭಾರ, ಅಗತ್ಯ ಮೀರಿದ ವಿಶ್ರಾಂತಿ ಎರಡೂ ಕೆಡುಕು. ಯಾವಾಗ ಎಷ್ಟು ಎನ್ನುವುದನ್ನು ಎಕ್ಸ್‌ರೇ ನೋಡಿದ ವೈದ್ಯರು ಹೇಳಬೇಕೇ ಹೊರತು ವಾಟ್ಸಾಪ್ ಗುಂಪು ಹೇಳಲಾಗದು.

ಬೀಳದೆಯೂ ಮುರಿಯುವ ಮೂಳೆ

ಮೂಳೆ ಮುರಿಯಲು ಬೀಳಲೇಬೇಕೆಂದಿಲ್ಲ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಕೊನೆಗೆ ತುಂಡಾಗುತ್ತದಲ್ಲ, ಹಾಗೆಯೇ ಸಣ್ಣ ಸಣ್ಣ ಹೊಡೆತಗಳು ಸಾವಿರಾರು ಸಲ ಬಿದ್ದಾಗ ಮೂಳೆಯಲ್ಲಿ ಬಿರುಕು ಮೂಡುತ್ತದೆ. ಇದೇ ಸ್ಟ್ರೆಸ್ ಫ್ರಾಕ್ಚರ್. ಹೆಸರಿನಲ್ಲಿರುವ ‘ಸ್ಟ್ರೆಸ್’ ಮನಸ್ಸಿನ ಒತ್ತಡವಲ್ಲ, ಮೂಳೆಯ ಮೇಲಿನ ಒತ್ತಡ. ಪ್ರಷ್ಯಾ ದೇಶದ ಸೇನಾ ವೈದ್ಯರೊಬ್ಬರು 1855ರಲ್ಲೇ ಬಹುದೂರ ನಡೆದ ಸೈನಿಕರ ಪಾದಗಳಲ್ಲಿ ಇದನ್ನು ಗುರುತಿಸಿದ್ದರು.

ವೇಗದ ಬೌಲರ್‌ಗಳಿಗೆ ಇದು ಬೆನ್ನಿನ ಕೆಳಭಾಗದಲ್ಲಿ ಬರುತ್ತದೆ. ಚೆಂಡು ಎಸೆಯುವ ಕ್ಷಣದಲ್ಲಿ ಬೆನ್ನು ಏಕಕಾಲಕ್ಕೆ ಹಿಂದಕ್ಕೂ ಪಕ್ಕಕ್ಕೂ ಬಾಗಿ ತಿರುಚಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಡೆನಿಸ್ ಲಿಲ್ಲಿ 1973ರಲ್ಲಿ ಹೀಗೆಯೇ ಕುಸಿದರು. ಮುಂದಿನ ಆಷಸ್ ಸರಣಿಗೆ ಮರಳಿ ಬಂದು ಮತ್ತೆ ಎದುರಾಳಿಗಳನ್ನು ನಡುಗಿಸಿದರು. ಜಸ್‌ಪ್ರೀತ್ ಬುಮ್ರಾ ಅವರಿಗೆ 2019ರಲ್ಲಿ ಸಣ್ಣದಾಗಿ ಕಾಣಿಸಿಕೊಂಡ ಬೆನ್ನಿನ ತೊಂದರೆ 2022ರಲ್ಲಿ ದೊಡ್ಡದಾಯಿತು. ಸೆಪ್ಟೆಂಬರ್‌ನಲ್ಲಿ ಮರಳಿ ಎರಡು ಪಂದ್ಯ ಆಡುವಷ್ಟರಲ್ಲಿ ಮತ್ತೆ ಹೊರಬಿದ್ದರು. ಟಿ20 ವಿಶ್ವಕಪ್ ತಪ್ಪಿತು. 2023ರ ಜನವರಿಯಲ್ಲಿ ತಂಡಕ್ಕೆ ಆಯ್ಕೆ ಮಾಡಿ ಮತ್ತೆ ಕೈಬಿಟ್ಟರು. ಕೊನೆಗೆ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಆಪರೇಷನ್ ಆಯಿತು. ಆಗಸ್ಟ್‌ನಲ್ಲಿ ಐರ್ಲೆಂಡ್ ಪ್ರವಾಸಕ್ಕೆ ಅವರು ನಾಯಕರಾಗಿ ಮರಳಿದರು. ಅದೇ ಪ್ರವಾಸದಲ್ಲಿ, ಅದೇ ಬಗೆಯ ಬೆನ್ನಿನ ಬಿರುಕಿನಿಂದ ತಿಂಗಳುಗಟ್ಟಲೆ ಹೊರಗಿದ್ದ ಕರ್ನಾಟಕದ ಪ್ರಸಿದ್ಧ್ ಕೃಷ್ಣ ಕೂಡ ಮರಳಿದರು. ಮರುವರ್ಷ ಬುಮ್ರಾ ಟಿ20 ವಿಶ್ವಕಪ್‌ನ ಶ್ರೇಷ್ಠ ಆಟಗಾರ. ಪೂರ್ತಿ ವಾಸಿಯಾಗಲು ಬಿಟ್ಟಾಗ ಮೂಳೆ ಕೈಕೊಡಲಿಲ್ಲ.

ಕ್ರಿಕೆಟ್ ಕೋಚಿಂಗ್‌ಗೆ ಮಕ್ಕಳನ್ನು ಕಳಿಸುವ ತಂದೆತಾಯಂದಿರು ಇದನ್ನು ಗಮನಿಸಬೇಕು. ಬೆನ್ನುಮೂಳೆ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಅದಕ್ಕಾಗಿಯೇ ಇಂಗ್ಲೆಂಡ್, ಆಸ್ಟ್ರೇಲಿಯಾದ ಮಂಡಳಿಗಳು ಎಳೆಯ ವೇಗದ ಬೌಲರ್‌ಗಳಿಗೆ ವಯಸ್ಸಿಗೆ ತಕ್ಕಂತೆ ಓವರ್‌ಗಳ ಮಿತಿ ಹಾಕಿವೆ. ಬೌಲಿಂಗ್ ಮಾಡುವ ಹುಡುಗ ಅಥವಾ ಹುಡುಗಿ ಸೊಂಟದ ಒಂದೇ ಬದಿಯಲ್ಲಿ, ಬೆನ್ನು ಹಿಂದಕ್ಕೆ ಬಾಗಿಸಿದಾಗ ನೋವು ಎಂದರೆ ಅದನ್ನು ‘ಮಾಂಸಖಂಡ ಹಿಡಿದಿದೆ’ ಎಂದು ತಳ್ಳಿಹಾಕಬೇಡಿ. ಸ್ಟ್ರೆಸ್ ಫ್ರಾಕ್ಚರ್ ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಎಂಆರ್‌ಐ ಬೇಕಾಗುತ್ತದೆ.

ಓಟ, ಅಥ್ಲೆಟಿಕ್ಸ್, ನೃತ್ಯಗಳಲ್ಲಿ ತೊಡಗಿದ ಹೆಣ್ಣುಮಕ್ಕಳ ಬಗ್ಗೆ ಇನ್ನೂ ಒಂದು ಮಾತು. ಕಠಿಣ ಅಭ್ಯಾಸ ಮಾಡುತ್ತ, ತೂಕ ಇಳಿಸಲೆಂದು ಊಟ ಕಡಿಮೆ ಮಾಡಿದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಮುಟ್ಟು ತಪ್ಪುತ್ತದೆ, ಈಸ್ಟ್ರೋಜನ್ ಕುಗ್ಗುತ್ತದೆ, ಮೂಳೆ ತೆಳುವಾಗುತ್ತದೆ. ‘ಕ್ರೀಡಾಪಟುಗಳಿಗೆ ಮುಟ್ಟು ನಿಲ್ಲುವುದು ಮಾಮೂಲು’ ಎನ್ನುವ ಮಾತು ತಪ್ಪು. ಮೂರು ತಿಂಗಳು ಮುಟ್ಟು ನಿಂತಿದ್ದರೆ ಅದು ವೈದ್ಯರಿಗೆ ತೋರಿಸಬೇಕಾದ ಲಕ್ಷಣ. ಗಂಡುಮಕ್ಕಳಲ್ಲೂ ಇಂಥ ಅರೆಹೊಟ್ಟೆಯ ಅಭ್ಯಾಸ ಮೂಳೆಯನ್ನು ಕೆಡಿಸುತ್ತದೆ.

ಫಾರ್ವರ್ಡ್‌ಗಳಲ್ಲಿ ಓಡಾಡುವ ನಂಬಿಕೆಗಳು

ನಂಬಿಕೆ: ಬರೀ ಹೇರ್‌ಲೈನ್, ಮುರಿದಿಲ್ಲ.
ನಿಜ: ಕೂದಲೆಳೆಯಷ್ಟು ಬಿರುಕೂ ಫ್ರಾಕ್ಚರ್ರೇ. ತುಂಡುಗಳು ಜರುಗಿಲ್ಲ ಎನ್ನುವುದಷ್ಟೇ ಸಮಾಧಾನ. ಅಲಕ್ಷ್ಯ ಮಾಡಿದರೆ ಬಿರುಕು ಪೂರ್ತಿ ಮುರಿತವಾಗಬಹುದು.

ನಂಬಿಕೆ: ಎಕ್ಸ್‌ರೇಯಲ್ಲಿ ಏನೂ ಇಲ್ಲ, ಹಾಗಾಗಿ ಚಿಂತೆಯಿಲ್ಲ.
ನಿಜ: ಬಹುಪಾಲು ಮುರಿತಗಳು ಕಾಣುತ್ತವೆ. ಆದರೆ ಸ್ಕಾಫಾಯ್ಡ್ ಮತ್ತು ಸ್ಟ್ರೆಸ್ ಫ್ರಾಕ್ಚರ್‌ಗಳು ಮೊದಲು ತಪ್ಪಿಸಿಕೊಳ್ಳಬಹುದು. ಅಂಗೈ ಊರಿ ಬಿದ್ದ ಮೇಲೆ ಹೆಬ್ಬೆರಳಿನ ಬುಡದ ನೋವು ಹತ್ತು ದಿನವಾದರೂ ಹೋಗದಿದ್ದರೆ ಮತ್ತೆ ತೋರಿಸಿ.

ನಂಬಿಕೆ: ಒಮ್ಮೆ ಮುರಿದು ಕೂಡಿದ ಮೂಳೆ ಮೊದಲಿಗಿಂತ ಗಟ್ಟಿ.
ನಿಜ: ಕೆಲಕಾಲ ಆ ಜಾಗದಲ್ಲಿ ಗಂಟು ದಪ್ಪಗಿರುತ್ತದೆ, ನಿಜ. ಕೊನೆಗೆ ಅದು ಮಾಮೂಲು ಮೂಳೆಯೇ ಆಗುತ್ತದೆ. ಪ್ಲಾಸ್ಟರ್ ಬಿಚ್ಚಿದ ಹೊಸತರಲ್ಲಂತೂ ಸುತ್ತಲಿನ ಮೂಳೆಯೂ ಸ್ನಾಯುವೂ ಸೊರಗಿರುತ್ತವೆ.

ನಂಬಿಕೆ: ಕಾಲು ಸೂಪ್ ಕುಡಿದರೆ ಮೂಳೆ ಬೇಗ ಕೂಡುತ್ತದೆ.
ನಿಜ: ಮೂಳೆ ಬೇಯಿಸಿದ ನೀರಿಗೆ ಇಳಿಯುವ ಕ್ಯಾಲ್ಸಿಯಂ ಬಹಳ ಕಡಿಮೆ. ರುಚಿಗೆ ಕುಡಿಯಿರಿ, ಔಷಧಿ ಎಂದುಕೊಳ್ಳಬೇಡಿ. ಬೇಕಾದದ್ದು ಸಾಕಷ್ಟು ಪ್ರೋಟೀನ್, ಕ್ಯಾಲ್ಸಿಯಂ, ವಿಟಮಿನ್ ಡಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ, ಮೊಸರು, ಬೇಳೆ, ಸೊಪ್ಪು, ಮೊಟ್ಟೆ, ಮೀನು ಎಲ್ಲವೂ ಒಳ್ಳೆಯದೇ. ಇವು ಕೊರತೆಯನ್ನು ತುಂಬುತ್ತವೆ. ಆರು ವಾರವನ್ನು ಎರಡು ವಾರ ಮಾಡುವುದಿಲ್ಲ.

ನಂಬಿಕೆ: ಮಂಗರವಳ್ಳಿ ತಿಂದರೆ ಪ್ಲಾಸ್ಟರ್ ಬೇಡ.
ನಿಜ: ಸಂದುಬಳ್ಳಿ ಎಂದೂ ಕರೆಯುವ ಈ ಬಳ್ಳಿಯ ಬಗ್ಗೆ ಸಣ್ಣಪುಟ್ಟ ಅಧ್ಯಯನಗಳು ನಡೆದಿವೆ. ಅವುಗಳಿಂದ ಗಟ್ಟಿ ತೀರ್ಮಾನಕ್ಕೆ ಬರಲಾಗದು. ಜರುಗಿದ ಮೂಳೆಯನ್ನು ಯಾವ ಬಳ್ಳಿಯೂ ನೆಟ್ಟಗೆ ಕೂರಿಸಲಾರದು.

ನಂಬಿಕೆ: ಆಟಗಾರರು ಬಳಸುವ ದುಬಾರಿ ಯಂತ್ರ ಮೂಳೆಯನ್ನು ಬೇಗ ಕೂಡಿಸುತ್ತದೆ.
ನಿಜ: ಬೆಕ್‌ಹ್ಯಾಮ್‌ನಂಥ ಆಟಗಾರರ ಗಾಯ ಸುದ್ದಿಯಾದಾಗಲೆಲ್ಲ ಇಂಥ ಮಾತು ಹರಡುತ್ತದೆ. ಮೂಳೆ ಕೂಡಿಸುವ ಅಲ್ಟ್ರಾಸೌಂಡ್ ಯಂತ್ರವನ್ನು ಟಿಬಿಯಾ ಮುರಿದು ಆಪರೇಷನ್ ಆದ ಸುಮಾರು 500 ಜನರಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅಸಲಿ ಯಂತ್ರ ಬಳಸಿದವರಿಗೂ ನಕಲಿ ಯಂತ್ರ ಬಳಸಿದವರಿಗೂ ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಫಾರ್ವರ್ಡ್‌ಗಳೇ ಇಲ್ಲದ ಕಾಲದಲ್ಲೂ ಇಂಥದ್ದು ನಡೆದಿತ್ತು. 2002ರ ಏಪ್ರಿಲ್ 10ರಂದು ಇಂಗ್ಲೆಂಡ್ ಫುಟ್‌ಬಾಲ್ ನಾಯಕ ಡೇವಿಡ್ ಬೆಕ್‌ಹ್ಯಾಮ್ ಅವರ ಪಾದದ ಮೂಳೆ ಮುರಿಯಿತು. ವಿಶ್ವಕಪ್‌ಗೆ ಎಂಟು ವಾರವೂ ಇರಲಿಲ್ಲ. ಅಲ್ಲಿನ ಪತ್ರಿಕೆಯೊಂದು ಅವರ ಪಾದದ ಚಿತ್ರವನ್ನು ಮುಖಪುಟದಲ್ಲಿ ಅಚ್ಚು ಹಾಕಿ, ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಎಂದು ಓದುಗರನ್ನು ಕೇಳಿತು. ಜೂನ್ 2ರ ಮೊದಲ ಪಂದ್ಯಕ್ಕೆ ಬೆಕ್‌ಹ್ಯಾಮ್ ಬಂದರು. ಪಾದದ ಆ ಮೂಳೆಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಅವರು ತೆಗೆದುಕೊಂಡದ್ದೂ ಏಳೂವರೆ ವಾರ.

ನಾಟಿ ಕಟ್ಟು, ಎಣ್ಣೆ ನೀವುವಿಕೆ: ಎಲ್ಲಿ ಎಚ್ಚರ?

ನಮ್ಮಲ್ಲಿ ಮೂಳೆ ಮುರಿದರೆ ಕಟ್ಟು ಹಾಕಿಸಲು ಹೋಗುವವರು ಇಂದಿಗೂ ಬಹಳ. ಆಂಧ್ರದ ಪುತ್ತೂರಿನ ಕಟ್ಟಿಗೆ ಗಡಿ ದಾಟಿ ಹೋಗುವವರಿದ್ದಾರೆ. ಜರುಗದ, ಸರಳ ಮುರಿತ ಅಲುಗಾಡದಂತೆ ಇಟ್ಟರೆ ಸಾಕು, ತಾನಾಗಿಯೇ ಕೂಡುತ್ತದೆ. ಕಟ್ಟು ಹಾಕಿಸಿ ಗುಣವಾದವರ ಅನುಭವ ಸುಳ್ಳಲ್ಲ ಎನ್ನಲು ಕಾರಣ ಇದೇ. ತೊಡಕು ಇರುವುದು ಮುರಿತ ಸರಳವೋ ಅಲ್ಲವೋ ಎಂದು ಹೊರಗಿನಿಂದ ತಿಳಿಯದಿರುವುದರಲ್ಲಿ. ಕೀಲಿನೊಳಗಿನ ಮುರಿತ, ಮಕ್ಕಳ ಮೊಣಕೈ ಮುರಿತ, ಚರ್ಮ ಹರಿದು ಮೂಳೆ ಕಂಡ ಗಾಯ, ಇವುಗಳಲ್ಲಿ ಕಟ್ಟು ಅನಾಹುತ ಮಾಡಬಹುದು. ಮುರಿದ ಜಾಗಕ್ಕೆ ಎಣ್ಣೆ ಹಚ್ಚಿ ನೀವಿದರೆ ಚೂಪಾದ ತುದಿಗಳು ನರ, ರಕ್ತನಾಳಗಳನ್ನು ಕೊಯ್ಯಬಹುದು.

ಎಲ್ಲಕ್ಕಿಂತ ದೊಡ್ಡ ಅಪಾಯ ಬಿಗಿತ. ಒಳಗೆ ಊತ ಏರುತ್ತಿರುವಾಗ ಹೊರಗೆ ಬಿಗಿಯಾಗಿ ಕಟ್ಟಿದರೆ ರಕ್ತ ಹರಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಲು ಶುರುವಾಗಿ ಕೈಯನ್ನೋ ಕಾಲನ್ನೋ ಕತ್ತರಿಸುವ ಹಂತಕ್ಕೆ ಹೋಗಬಹುದು. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರ್‌ಗೂ ಈ ಮಾತು ಅನ್ವಯಿಸುತ್ತದೆ. ಕಟ್ಟು ಅಥವಾ ಪ್ಲಾಸ್ಟರ್ ಹಾಕಿದ ಮೇಲೆ ಈ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ:

– ಮಾತ್ರೆಗೂ ಬಗ್ಗದೆ ಏರುತ್ತಲೇ ಇರುವ ನೋವು
– ಬೆರಳುಗಳನ್ನು ಬೇರೆಯವರು ಮೆಲ್ಲಗೆ ಹಿಂದಕ್ಕೆ ಚಾಚಿದಾಗ ತಾಳಲಾಗದ ನೋವು
– ಬೆರಳು ಜೋಮು ಹಿಡಿಯುವುದು, ತಣ್ಣಗಾಗುವುದು, ಬಿಳಿಚುವುದು ಅಥವಾ ನೀಲಿಯಾಗುವುದು
– ಬೆರಳು ಅಲ್ಲಾಡಿಸಲು ಆಗದಿರುವುದು

ಪೆಟ್ಟು ಬಿದ್ದಾಗ ಮಾಡಬೇಕಾದ್ದು

– ಮುರಿದಿದೆ ಎಂಬ ಅನುಮಾನವಿದ್ದರೆ ಎಳೆದು ನೆಟ್ಟಗೆ ಮಾಡಲು ಹೋಗಬೇಡಿ. ಇದ್ದ ಹಾಗೆಯೇ ರಟ್ಟು, ಸ್ಕೇಲು ಅಥವಾ ಮಡಿಚಿದ ಪತ್ರಿಕೆ ಇಟ್ಟು ಸಡಿಲವಾಗಿ ಕಟ್ಟಿ.
– ಉಂಗುರ, ಬಳೆ, ಕಾಲುಂಗುರ, ಗಡಿಯಾರಗಳನ್ನು ಊತ ಏರುವ ಮೊದಲೇ ತೆಗೆಯಿರಿ.
– ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ನೇರವಾಗಿ ಚರ್ಮಕ್ಕೆ ಬೇಡ.
– ರಕ್ತ ಬರುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಮುಚ್ಚಿ. ಅರಿಶಿನ, ಕಾಫಿಪುಡಿ ಹಾಕಬೇಡಿ.
– ಕುತ್ತಿಗೆ, ಬೆನ್ನು, ತೊಡೆಗೆ ಪೆಟ್ಟಾಗಿದ್ದರೆ ಎತ್ತಿ ಕೂರಿಸದೆ 108ಕ್ಕೆ ಕರೆ ಮಾಡಿ.
– ವಯಸ್ಸಾದವರು ಬಿದ್ದು ಸೊಂಟ ನೋವು, ಎದ್ದು ನಿಲ್ಲಲಾಗುತ್ತಿಲ್ಲ ಎಂದರೆ ‘ಮಲಗಿದ್ದರೆ ಸರಿಹೋಗುತ್ತದೆ’ ಎಂದು ಕಾಯಬೇಡಿ. ಅವರಿಗೆ ಹಾಸಿಗೆ ಹಿಡಿಯುವುದೇ ದೊಡ್ಡ ಅಪಾಯ.
– ವಾಸಿಯಾಗುವವರೆಗಾದರೂ ಬೀಡಿ, ಸಿಗರೇಟು ಬಿಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ.
– ಪ್ಲಾಸ್ಟರ್ ಬಿಚ್ಚಿದ ಮೇಲೆ ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಿ. ಆಟಗಾರರಿಂದ ನಾವು ಕಲಿಯಬಹುದಾದದ್ದು ಇದನ್ನೇ, ಇದಕ್ಕೆ ದುಡ್ಡೂ ಬೇಕಿಲ್ಲ.

ಮುಂದಿನ ಬಾರಿ ಯಾರಾದರೂ ಕ್ರೀಡಾಪಟು ಬ್ಯಾಂಡೇಜ್ ಸುತ್ತಿಕೊಂಡು ಮೈದಾನಕ್ಕಿಳಿದ ವಿಡಿಯೋ ಬಂದರೆ ಖಂಡಿತ ಹಂಚಿಕೊಳ್ಳಿ, ಮೆಚ್ಚಿಕೊಳ್ಳಿ. ಜೊತೆಗೆ ಕಷಾಯದ ಸಲಹೆ ಅಂಟಿಕೊಂಡಿದ್ದರೆ ಅದನ್ನು ಅಳಿಸಿ, ಆ ಆಟಗಾರ ಮತ್ತೆ ಆಡಲು ಎಷ್ಟು ವಾರ ತೆಗೆದುಕೊಂಡರು ಎನ್ನುವುದನ್ನು ಸೇರಿಸಿ ಕಳಿಸಿ. ಗುಂಪಿನಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತವರು ಒಬ್ಬರಾದರೂ ಇರುತ್ತಾರೆ.